ಔಷಧಕ್ಕಾಗಿ ಆಡಿದ ಅನೃತ

ನಮ್ಮ ಸಂಘದ ವಾಚನಾಲಯದ ಜಗಲಿಯಲ್ಲಿ ಸಂಜೆಯ ಹೊತ್ತು ಸೇರುವ ನಾಲ್ಕಾರು ಮಂದಿಯಲ್ಲಿ ವಕೀಲರೊಬ್ಬರೂ ಉಂಟು. ಕಳೆದ ತಿಂಗಳು ಒಂದು ದಿನ ಅವರು ನಮ್ಮ ಮುಂದೆ ಒಂದು ಪ್ರಶ್ನೆಯನ್ನಿಟ್ಟರು. ಒಬ್ಬನು ವೈದ್ಯರ ಬಳಿಗೆ ಹೋಗಿ ಇಲ್ಲದ ನೋವನ್ನು ಹೇಳಿಕೊಂಡು, ಅಥವಾ ಇನ್ನೊಬ್ಬ ವೈದ್ಯರು ಹಿಂದಿನ ದಿನವೇ ಬರೆದುಕೊಟ್ಟುದನ್ನು ಮರೆಮಾಚಿ, ನಿದ್ರೆಯ ಮಾತ್ರೆಗಳಿಗೆ ಚೀಟಿ ಬರೆಸಿಕೊಳ್ಳುತ್ತಾನೆ. ವೈದ್ಯರಿಗೆ ಸಲ್ಲಬೇಕಾದ ಶುಲ್ಕವನ್ನು ಸಲ್ಲಿಸುತ್ತಾನೆ. ಔಷಧದ ಅಂಗಡಿಯಲ್ಲಿ ಒಂದು ಕಾಸನ್ನೂ ಕಡಿಮೆ ಮಾಡದೆ ಬೆಲೆ ಕೊಡುತ್ತಾನೆ. ಮಾತ್ರೆಯನ್ನು ನುಂಗುವವನೂ ಅವನೇ, ಕೇಡಾದರೆ ಅವನಿಗೇ. ಹೀಗಿರುವಲ್ಲಿ ಅವನು ವಂಚಿಸಿದ್ದು ಯಾರನ್ನು? “ಕಳವಾಯಿತು ಎನ್ನಬೇಕಾದರೆ ಕಳೆದುಕೊಂಡವನೊಬ್ಬನು ಇರಬೇಕಷ್ಟೆ. ಇಲ್ಲಿ ಕಳೆದುಕೊಂಡವನು ಎಲ್ಲಿದ್ದಾನೆ, ಮೇಷ್ಟ್ರೇ?” ಎಂದು ಅವರು ನನ್ನ ಕಡೆಗೇ ತಿರುಗಿ ಕೇಳಿದರು.

ನಾನು ಆ ದಿನ ಉತ್ತರ ಹೇಳಲಿಲ್ಲ. ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಬಾಯಿಪಾಠ ಮಾಡಿದವನು ಬಾಯಿ ಮುಚ್ಚಿಕೊಂಡು ಕುಳಿತುದನ್ನು ಕಂಡು ಮಿತ್ರರು ನಕ್ಕರು. ನನ್ನ ಮೌನಕ್ಕೆ ಕಾರಣ ಬೇರೆ ಇದ್ದಿತು; ಅದನ್ನು ಕಡೆಯಲ್ಲಿ ಹೇಳುವೆನು. ಮೊದಲು ಪ್ರಶ್ನೆಯನ್ನೇ ವಿಚಾರಿಸಬೇಕಾಗಿದೆ. ಇದು ವಕೀಲರ ಚಮತ್ಕಾರವೆಂದು ತಳ್ಳಿಬಿಡತಕ್ಕದ್ದಲ್ಲ. ಇಂದು ಮಧ್ಯಮ ವರ್ಗದ ಮನೆಗಳಲ್ಲಿ ಒಂದು ಡಬ್ಬಿಯ ತುಂಬ ಹಳೆಯ ಚೀಟಿಗಳೂ ಉಳಿದ ಮಾತ್ರೆಗಳೂ ಇರುತ್ತವೆ. ಆ ಡಬ್ಬಿಯನ್ನು ತೆರೆಯುವ ಕೈಗಳು ಕಳ್ಳರ ಕೈಗಳಲ್ಲ, ನಮ್ಮಂಥವರ ಕೈಗಳು.

ಕಾನೂನು ಏನು ಹೇಳುತ್ತದೆಂಬುದನ್ನು ಮೊದಲು ನೋಡೋಣ. ನಮ್ಮ ದೇಶದಲ್ಲಿ ಔಷಧಗಳ ವಿಷಯವಾದ ಮುಖ್ಯ ಶಾಸನವು 1940ರದು. ಅದರ ನಿಯಮಗಳು 1945ರವು. ಈ ನಿಯಮಗಳನ್ನು ಓದಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಅವು ಮಾತನಾಡುವುದು ಹೆಚ್ಚಾಗಿ ಮಾಡುವವನೊಡನೆ ಮತ್ತು ಮಾರುವವನೊಡನೆ, ಕೊಳ್ಳುವವನೊಡನೆ ಅಲ್ಲ. ಚೀಟಿಯು ಬರವಣಿಗೆಯಲ್ಲಿರಬೇಕು, ವೈದ್ಯರು ಸ್ವಹಸ್ತದಿಂದ ರುಜು ಮಾಡಿ ದಿನಾಂಕ ಹಾಕಿರಬೇಕು, ರೋಗಿಯ ಹೆಸರು ವಿಳಾಸಗಳೂ ಔಷಧದ ಒಟ್ಟು ಪರಿಮಾಣವೂ ಸೇವಿಸತಕ್ಕ ಪ್ರಮಾಣವೂ ಅದರಲ್ಲಿ ಕಾಣಬೇಕು. ವೈದ್ಯರು ಹಾಗೆಂದು ಬರೆದಿದ್ದ ಹೊರತು ಒಂದೇ ಚೀಟಿಗೆ ಎರಡನೆಯ ಸಲ ಔಷಧ ಕೊಡಕೂಡದು. ಕೊಟ್ಟಾಗ ಚೀಟಿಯಲ್ಲಿ ವೈದ್ಯರ ರುಜುವಿನ ಮೇಲ್ಗಡೆ ಅಂಗಡಿಯವನು ತನ್ನ ಹೆಸರು ವಿಳಾಸಗಳನ್ನೂ ಕೊಟ್ಟ ದಿನವನ್ನೂ ಕಾಣಿಸಬೇಕು. ಎಚ್ 1 ಎಂಬ ಪರಿಶಿಷ್ಟವು 2014ರ ಮಾರ್ಚಿಯಿಂದ ಜಾರಿಗೆ ಬಂದಿದೆ. ಅದಕ್ಕೆ ಸೇರಿದ ಔಷಧಗಳನ್ನು ಮಾರಿದರೆ ಪ್ರತ್ಯೇಕವಾದ ಪುಸ್ತಕದಲ್ಲಿ ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು, ಪರಿಮಾಣ ಇವನ್ನೆಲ್ಲ ಬರೆದು ಮೂರು ವರ್ಷ ಕಾಪಾಡಬೇಕು. ನಿದ್ರೆಯ ಮಾತ್ರೆಗಳಲ್ಲಿ ಬಹು ಬಳಕೆಯ ಆಲ್‌ಪ್ರಜೋಲಾಮ್, ಡಯಾಜಿಪಾಮ್‌ಗಳೂ ನೋವಿನ ಟ್ರಮಡಾಲ್ ಎಂಬುದೂ ಇದರೊಳಗೆ ಬರುತ್ತವೆ. ಎಕ್ಸ್ ಎಂಬ ಇನ್ನೊಂದು ಪರಿಶಿಷ್ಟದ ಔಷಧಗಳಿಗಾದರೆ ಚೀಟಿಯ ಎರಡು ಪ್ರತಿಗಳಿರಬೇಕು. ಒಂದು ಪ್ರತಿ ಎರಡು ವರ್ಷ ಅಂಗಡಿಯಲ್ಲೇ ಉಳಿಯಬೇಕು. ಇವುಗಳಲ್ಲಿ ತಪ್ಪಿದವನ ಪರವಾನಗಿಯನ್ನು ಅಮಾನತಿನಲ್ಲಿಡಬಹುದು, ರದ್ದುಪಡಿಸಲೂಬಹುದು.

ಇಷ್ಟು ಕಾವಲುಗಳಿದ್ದರೂ ಕೊಳ್ಳುವವನ ಸುಳ್ಳಿಗೆ ಈ ನಿಯಮಗಳಲ್ಲಿ ಪ್ರತ್ಯೇಕವಾದ ಹೆಸರಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ, ನಿಯಂತ್ರಣಕ್ಕೊಳಪಟ್ಟ ಔಷಧವನ್ನು ಸುಳ್ಳು, ಕೂಟಲೇಖ, ಕಪಟಗಳಿಂದ ಪಡೆಯುವುದಕ್ಕೆಂದೇ ಒಂದು ಕಲಮನ್ನು ಬರೆದಿಟ್ಟಿದ್ದಾರೆ. ಮೊದಲ ಅಪರಾಧಕ್ಕೆ ನಾಲ್ಕು ವರ್ಷದವರೆಗೆ ಸೆರೆಯಾಗಬಹುದು. ನಮ್ಮಲ್ಲಿ ಅದನ್ನು ಸಾಮಾನ್ಯವಾದ ದಂಡಸಂಹಿತೆಯ ಬಲೆಯಿಂದಲೇ ಹಿಡಿಯಬೇಕು. 1860ರ ಹಳೆಯ ಸಂಹಿತೆಯ ಸ್ಥಾನಕ್ಕೆ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಂಕಿಗಳು ಬದಲಾದುವೇ ಹೊರತು ಈ ಅಪರಾಧಗಳ ಲಕ್ಷಣ ಬದಲಾಗಲಿಲ್ಲ. ಜನರ ಬಾಯಲ್ಲಿ ಬೈಗುಳವಾಗಿ ನಿಂತಿರುವ ನಾನೂರ ಇಪ್ಪತ್ತು ಈಗ 318ನೆಯ ಕಲಮಿನೊಳಗೆ ಸೇರಿದೆ. ಮೋಸದಿಂದ ಸ್ವತ್ತನ್ನು ಕೊಡಿಸಿಕೊಂಡವನಿಗೆ ಏಳು ವರ್ಷದವರೆಗೆ ಕಾರಾಗೃಹವಾಸ, ಜೊತೆಗೆ ಜುಲ್ಮಾನೆ. ತಾನು ಇನ್ನೊಬ್ಬನೆಂದು ನಟಿಸಿ ಮೋಸಮಾಡುವುದು 319ನೆಯದು; ಅದಕ್ಕೆ ಐದು ವರ್ಷದವರೆಗೆ. ಇಲ್ಲಿಯ ಒಂದು ವಿವರಣೆ ಸ್ವಾರಸ್ಯವಾದುದು: ಯಾರ ಹೆಸರನ್ನು ಹೇಳಿಕೊಂಡನೋ ಆ ವ್ಯಕ್ತಿ ಲೋಕದಲ್ಲಿ ಇರಲೇಬೇಕೆಂದಿಲ್ಲ, ಕಲ್ಪಿತನಾದರೂ ಅಪರಾಧವು ಅಪರಾಧವೇ. ಆದುದರಿಂದ ಸತ್ತ ಅಣ್ಣನ ಹೆಸರಿನಲ್ಲಿ ಚೀಟಿ ಬರೆಸಿದವನೂ ಹುಟ್ಟದ ತಮ್ಮನ ಹೆಸರಿನಲ್ಲಿ ಬರೆಸಿದವನೂ ಒಂದೇ ಸಾಲಿನಲ್ಲಿ ನಿಲ್ಲುವರು. ಚೀಟಿಯನ್ನೇ ಕೃತಕವಾಗಿ ಸೃಷ್ಟಿಸಿದರೆ, ಅಥವಾ ನಿಜವಾದ ಚೀಟಿಯಲ್ಲಿ ಅಧಿಕಾರವಿಲ್ಲದೆ ಮುಖ್ಯವಾದ ಭಾಗವನ್ನು ತಿದ್ದಿದರೆ, ಅದು ಕೂಟಲೇಖನ. ವಂಚಿಸುವ ಉದ್ದೇಶದಿಂದ ಮಾಡಿದ ಕೂಟಲೇಖನಕ್ಕೆ 336ನೆಯ ಕಲಮಿನಲ್ಲಿ ಏಳು ವರ್ಷದವರೆಗೆ ಶಿಕ್ಷೆ. ಅಂತಹ ಪತ್ರವನ್ನು ನಿಜವೆಂದು ಮುಂದಿಟ್ಟವನೂ ಬರೆದವನಷ್ಟೇ ಅಪರಾಧಿಯೆಂದು 340ನೆಯದು ಹೇಳುತ್ತದೆ.

ಇದಕ್ಕಿಂತ ಭಯಂಕರವಾದುದು 1985ರ ಮಾದಕ ದ್ರವ್ಯಗಳ ಕಾಯಿದೆ. ಆಲ್‌ಪ್ರಜೋಲಾಮ್, ಡಯಾಜಿಪಾಮ್‌ಗಳು ಮನಸ್ಸಿನ ಮೇಲೆ ಕೆಲಸಮಾಡುವ ಪದಾರ್ಥಗಳೆಂದು ಅದರ ಪಟ್ಟಿಗೂ ಸೇರಿವೆ. 2018ರಲ್ಲಿ ಟ್ರಮಡಾಲೂ ಸೇರಿತು. ರೋಗಿಗಳಿಗೆ ನಿಯಮಗಳಲ್ಲಿ ಒಂದು ರಕ್ಷೆಯುಂಟು: ನಿಜವಾದ ವೈದ್ಯಕೀಯ ಅಗತ್ಯಕ್ಕಾಗಿ ಒಬ್ಬ ವ್ಯಕ್ತಿಯು ಒಂದು ಸಲಕ್ಕೆ ನೂರು ಮಾತ್ರೆಗಳವರೆಗೆ, ದೀರ್ಘಕಾಲದ ಸೇವನೆಗೆಂದು ವೈದ್ಯರು ವಿಶೇಷವಾಗಿ ಬರೆದಿದ್ದರೆ ಮುನ್ನೂರರವರೆಗೆ, ಇಟ್ಟುಕೊಂಡಿರಬಹುದು. ನಿಜವಾದ ಎಂಬ ವಿಶೇಷಣವನ್ನು ಗಮನಿಸಬೇಕು. ಅಗತ್ಯವೇ ಸುಳ್ಳಾದರೆ ಈ ರಕ್ಷೆ ಉಳಿಯುವುದು ಕಷ್ಟ. ರಕ್ಷೆ ಕಳಚಿದ ಮೇಲೆ ಉಳಿಯುವುದು ತಕ್ಕಡಿ. ಆಲ್‌ಪ್ರಜೋಲಾಮಿಗೆ 5 ಗ್ರಾಮಿನವರೆಗೆ ಅಲ್ಪ ಪರಿಮಾಣ, 100 ಗ್ರಾಮಿನ ಮೇಲೆ ವಾಣಿಜ್ಯ ಪರಿಮಾಣ. ಅರ್ಧ ಮಿಲಿಗ್ರಾಮು ಔಷಧವಿರುವ ಒಂದು ಮಾತ್ರೆ ಒಟ್ಟಿನಲ್ಲಿ 100 ಮಿಲಿಗ್ರಾಮು ತೂಗುವುದೆಂದು ಇಟ್ಟುಕೊಳ್ಳೋಣ. ಉಳಿದುದೆಲ್ಲ ಹಿಟ್ಟು, ಬಣ್ಣ. ಔಷಧವನ್ನು ಮಾತ್ರ ತೂಗಿದರೆ 5 ಗ್ರಾಮಿಗೆ ಹತ್ತು ಸಾವಿರ ಮಾತ್ರೆಗಳು ಬೇಕು. ಹಿಟ್ಟನ್ನೂ ಸೇರಿಸಿ ತೂಗಿದರೆ ಐವತ್ತೇ ಸಾಕು. ಹಿಟ್ಟನ್ನು ಸೇರಿಸಬೇಕೇ ಬಿಡಬೇಕೇ ಎಂಬ ವಿವಾದ ಬಹುಕಾಲ ನಡೆದು, 2020ರ ಏಪ್ರಿಲಿನಲ್ಲಿ ಹೀರಾ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಸೇರಿಸಿಯೇ ತೂಗಬೇಕೆಂದು ತೀರ್ಮಾನಿಸಿತು. ಅಲ್ಪ ಪರಿಮಾಣಕ್ಕೆ ಒಂದು ವರ್ಷದವರೆಗೆ, ಅದರ ಮೇಲೆ ಹತ್ತು ವರ್ಷದವರೆಗೆ, ವಾಣಿಜ್ಯ ಪರಿಮಾಣಕ್ಕೆ ಹತ್ತಕ್ಕೆ ಕಡಿಮೆಯಿಲ್ಲದಂತೆ ಇಪ್ಪತ್ತರವರೆಗೆ ಕಠಿಣ ಸಜೆ. ಮೇಲಾಗಿ, ಆರೋಪಿಯ ಮನಸ್ಸಿನಲ್ಲಿ ಕೆಟ್ಟ ಉದ್ದೇಶವಿತ್ತೆಂದು ನ್ಯಾಯಾಲಯವು ಮೊದಲೇ ಭಾವಿಸಿಕೊಳ್ಳತಕ್ಕದ್ದು. ಇರಲಿಲ್ಲವೆಂದು ಸಾಧಿಸುವ ಭಾರ ಅವನ ಮೇಲೆಯೇ. ನಿದ್ರೆ ಬಾರದೆ ನಾಲ್ಕು ಅಂಗಡಿಗಳಿಂದ ಮಾತ್ರೆ ಕೂಡಿಟ್ಟ ಮುದುಕನೊಬ್ಬನು ಈ ಲೆಕ್ಕದಲ್ಲಿ ಎಲ್ಲಿಗೆ ಹೋಗಿ ಸೇರಬಹುದೆಂಬುದನ್ನು ವಾಚಕರೇ ಗುಣಿಸಿ ನೋಡಿಕೊಳ್ಳಬಹುದು.

ಇನ್ನು ವಕೀಲರ ಪ್ರಶ್ನೆಗೆ ಬರೋಣ. ಬೆಲೆ ಕೊಟ್ಟವನು ವಂಚಕನು ಹೇಗೆ? ಈ ಸಂಶಯ ಅವರ ಸ್ವಂತದ್ದಲ್ಲ; ಸರ್ವೋಚ್ಚ ನ್ಯಾಯಾಲಯವೇ 1962ರಲ್ಲಿ ಇದನ್ನು ಹೋಲುವ ಸಂಶಯವನ್ನು ಬಿಡಿಸಬೇಕಾಗಿ ಬಂದಿತ್ತು. ದೆಹಲಿಯ ಡಾಕ್ಟರ್ ವಿಮಲಾ ಎಂಬವರು ಒಂದು ಮೋಟಾರು ಗಾಡಿಯನ್ನು ಹಸುಗೂಸಾಗಿದ್ದ ತಮ್ಮ ಮಗಳು ನಳಿನಿಯ ಹೆಸರಿನಲ್ಲಿ ಕೊಂಡು, ವಿಮೆಯ ಪತ್ರಗಳಲ್ಲಿ ತಾವೇ ನಳಿನಿಯೆಂದು ರುಜು ಮಾಡಿ, ಮುಂದೆ ಗಾಡಿಗೆ ಪೆಟ್ಟಾದಾಗ ಅದೇ ರುಜುವಿನಿಂದ ಪರಿಹಾರವನ್ನೂ ಪಡೆದಿದ್ದರು. ಸುಳ್ಳು ಇದ್ದುದು ನಿಶ್ಚಯ. ಆದರೂ ನ್ಯಾಯಾಲಯವು ಅವರನ್ನು ಬಿಡುಗಡೆ ಮಾಡಿತು. ಕಪಟವೆಂಬುದಕ್ಕೆ ಎರಡು ಅಂಗಗಳಿವೆ, ಭ್ರಮೆಗೊಳಿಸುವುದು ಒಂದು, ಅದರಿಂದ ಹಾನಿಯಾಗುವುದು ಇನ್ನೊಂದು. ಮೊದಲನೆಯದು ಮಾತ್ರವಿದ್ದರೆ ಸಾಲದು ಎಂದು ಅವರ ಸಿದ್ಧಾಂತ. ಗಾಡಿ ವಿಮಲಾ ಅವರ ಹೆಸರಿನಲ್ಲೇ ಇದ್ದಿದ್ದರೂ ವಿಮೆಯ ಕಂಪನಿ ಬೇರೆ ರೀತಿಯಲ್ಲಿ ನಡೆದುಕೊಳ್ಳುತ್ತಿರಲಿಲ್ಲ. ಆದಕಾರಣ ಆ ಸುಳ್ಳಿನಿಂದ ಅವರಿಗೆ ಲಾಭವೂ ಆಗಲಿಲ್ಲ, ಕಂಪನಿಗೆ ನಷ್ಟವೂ ಆಗಲಿಲ್ಲ. ಹಾನಿಯೆಂದರೆ ಹಣದ ನಷ್ಟವೊಂದೇ ಅಲ್ಲ. ದೇಹಕ್ಕೋ ಮನಸ್ಸಿಗೋ ಕೀರ್ತಿಗೋ ಆಗುವ ಕೆಡುಕೂ ಹಾನಿಯೇ ಎಂಬುದನ್ನೂ ಅದೇ ತೀರ್ಪು ಸ್ಪಷ್ಟಪಡಿಸಿತು.

ಈ ತೀರ್ಪಿನಲ್ಲಿ ನನಗೆ ಒಂದು ಒರೆಗಲ್ಲು ಸಿಕ್ಕಿತು. ನಿಜವನ್ನು ಹೇಳಿದ್ದರೆ ಆ ವಸ್ತು ದೊರೆಯುತ್ತಿತ್ತೇ ಎಂದು ಕೇಳಿಕೊಳ್ಳುವುದು. ವಿಮಲಾ ಅವರಿಗೆ ದೊರೆಯುತ್ತಿತ್ತು. ನಮ್ಮ ವಕೀಲರ ಕಥಾನಾಯಕನಿಗೆ ದೊರೆಯುತ್ತಿರಲಿಲ್ಲ. ನಿನ್ನೆ ತಾನೇ ಇನ್ನೊಬ್ಬರಿಂದ ಬರೆಸಿಕೊಂಡಿದ್ದೇನೆಂದು ಹೇಳಿದ್ದರೆ ವೈದ್ಯರು ಲೇಖನಿಯನ್ನು ಕೆಳಗಿಡುತ್ತಿದ್ದರು. ಹಾಗಾದರೆ ಅವನು ಕೊಟ್ಟ ಹಣ ಯಾತಕ್ಕೆ ಬೆಲೆ? ಮಾತ್ರೆಗೆ ಬೆಲೆ. ಚೀಟಿಗೆ ಅದು ಬೆಲೆಯಲ್ಲ. ಚೀಟಿಯು ಮಾರಾಟದ ವಸ್ತುವೇ ಅಲ್ಲ. ವೈದ್ಯರು ತಮ್ಮ ವಿವೇಕವನ್ನು ಪ್ರಯೋಗಿಸಿ ಒಪ್ಪಿಕೊಟ್ಟ ಅಭಿಪ್ರಾಯವದು. ಶುಲ್ಕವು ಅಭಿಪ್ರಾಯದ ಶ್ರಮಕ್ಕೆ ಸಲ್ಲುವುದೇ ಹೊರತು ಅಭಿಪ್ರಾಯ ಹೀಗೇ ಬರಲೆಂಬುದಕ್ಕೆ ಸಲ್ಲದು. ಸುಳ್ಳುಗಾರನು ಅಪಹರಿಸಿದ್ದು ಆ ವಿವೇಕವನ್ನು. ಅವರ ಕಣ್ಣಿಗೆ ಬಟ್ಟೆ ಕಟ್ಟಿ ಅವರ ಕೈಯಿಂದಲೇ ಬರೆಯಿಸಿದನು. ದಂಡಸಂಹಿತೆಯೂ ಅನ್ಯಾಯದ ಲಾಭವೆಂಬುದನ್ನು ವಿವರಿಸುವಾಗ ಬೆಲೆಯ ಮಾತನ್ನೆತ್ತುವುದಿಲ್ಲ. ತನಗೆ ಹಕ್ಕಿಲ್ಲದ ಸ್ವತ್ತನ್ನು ಕಾನೂನಿಗೆ ಹೊರತಾದ ಮಾರ್ಗದಿಂದ ಪಡೆದುದೆಷ್ಟೋ ಅಷ್ಟೂ ಅನ್ಯಾಯದ ಲಾಭವೆನ್ನುತ್ತದೆ.

ನಮ್ಮ ಹಳೆಯ ವೈದ್ಯಶಾಸ್ತ್ರಕ್ಕೆ ಈ ವಿಷಯದಲ್ಲಿ ಒಂದು ಸೂಕ್ಷ್ಮವಾದ ತಿಳಿವಳಿಕೆ ಇದ್ದಿತು. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುವುದು ಬಹುಮಂದಿಗೆ ಗೊತ್ತು: ವೈದ್ಯ, ಔಷಧ, ಉಪಚಾರಕ, ರೋಗಿ. ಒಂದೊಂದು ಪಾದಕ್ಕೂ ನಾಲ್ಕು ನಾಲ್ಕು ಗುಣಗಳು. ರೋಗಿಯ ಗುಣಗಳಲ್ಲಿ ನೆನಪಿನ ಶಕ್ತಿ, ಹೇಳಿದಂತೆ ನಡೆಯುವುದು, ಭಯಪಡದಿರುವುದು ಇವುಗಳ ಜೊತೆಗೆ ಜ್ಞಾಪಕತ್ವವೆಂಬುದನ್ನೂ ಎಣಿಸಿದ್ದಾರೆ. ಕನ್ನಡದಲ್ಲಿ ನಾವು ಜ್ಞಾಪಕವೆಂದರೆ ನೆನಪೆಂದು ತಿಳಿಯುವೆವು. ಅಲ್ಲಿ ಅದರ ಅರ್ಥ ಬೇರೆ. ತನ್ನ ವ್ಯಾಧಿಯನ್ನು ವೈದ್ಯನಿಗೆ ತಿಳಿಯಪಡಿಸುವ ಗುಣವೆಂದು ಅರ್ಥ. ಅಂದರೆ ರೋಗಿಯು ಚಿಕಿತ್ಸೆಯಲ್ಲಿ ಬರಿಯ ಕ್ಷೇತ್ರವಲ್ಲ, ಅವನೂ ಕರ್ತೃಗಳಲ್ಲೊಬ್ಬನು. ಅವನ ಮಾತು ಔಷಧದಂತೆಯೇ ಶುದ್ಧವಾಗಿರಬೇಕು. ಕಲಬೆರಕೆಯ ಔಷಧವನ್ನು ಮಾರಿದವನನ್ನು ನಾವು ಶಪಿಸುತ್ತೇವೆ. ಕಲಬೆರಕೆಯ ಮಾತನ್ನು ವೈದ್ಯರ ಕಿವಿಗೆ ಹಾಕುವವನೂ ಅದೇ ಜಾತಿಯ ಕೆಲಸವನ್ನು ಮಾಡುತ್ತಾನೆಂದು ನಮಗೆ ತೋರುವುದೇ ಇಲ್ಲ. ಈಗೀಗ ದೂರವಾಣಿಯ ಪರದೆಯ ಮೇಲೆ ಮುಖ ನೋಡಿ ಚೀಟಿ ಬರೆಯುವ ಪದ್ಧತಿ ಬಂದಿದೆ. 2020ರ ಮಾರ್ಚಿಯಲ್ಲಿ ಸರಕಾರವು ಅದಕ್ಕೆ ಸೂತ್ರಗಳನ್ನು ರಚಿಸಿದಾಗ, ಮಾದಕ ದ್ರವ್ಯಗಳ ಕಾಯಿದೆಗೆ ಒಳಪಟ್ಟ ಔಷಧಗಳನ್ನೂ ಎಕ್ಸ್ ಪರಿಶಿಷ್ಟದವನ್ನೂ ಆ ಮಾರ್ಗದಲ್ಲಿ ಬರೆಯಕೂಡದೆಂದು ನಿಷೇಧಿಸಿತು. ನಾಡಿ ಹಿಡಿಯಲಾರದ ಕಡೆ ವೈದ್ಯರಿಗೆ ರೋಗಿಯ ಮಾತೊಂದೇ ಆಧಾರವಷ್ಟೆ.

ಇದನ್ನೆಲ್ಲ ಬರೆಯುವಾಗ ಮನಸ್ಸಿಗೆ ಬರುವವನು ಕರ್ಣ. ಅವನೂ ಪೂರ್ತಿ ಬೆಲೆ ಕೊಟ್ಟವನೇ. ಮಹೇಂದ್ರಪರ್ವತದಲ್ಲಿ ಪರಶುರಾಮನ ಸೇವೆಯನ್ನು ಅವನಂತೆ ಮಾಡಿದ ಶಿಷ್ಯರು ವಿರಳ. ತೊಡೆಯನ್ನು ಹುಳು ಕೊರೆದು ರಕ್ತ ಹರಿದರೂ ಗುರುವಿನ ನಿದ್ರೆಗೆ ಭಂಗ ಬಾರದಿರಲೆಂದು ಅಲುಗಾಡದೆ ಕುಳಿತನು. ತಾನು ಭೃಗುವಂಶದ ಬ್ರಾಹ್ಮಣನೆಂಬ ಒಂದು ಮಾತು ಮಾತ್ರ ಸುಳ್ಳು. ನಿಜ ಹೇಳಿದ್ದರೆ ಅಸ್ತ್ರ ದೊರೆಯುತ್ತಿರಲಿಲ್ಲ. ದ್ರೋಣನು ಮೊದಲೇ ಇಲ್ಲವೆಂದಿದ್ದನು. ಫಲವೇನಾಯಿತೆಂಬುದು ಎಲ್ಲರಿಗೂ ತಿಳಿದದ್ದೇ: ಬೇಕಾದ ಕಾಲಕ್ಕೆ ಅಸ್ತ್ರ ಮನಸ್ಸಿಗೆ ಹೊಳೆಯದೆ ಹೋಯಿತು. ತರಗತಿಯಲ್ಲಿ ಈ ಕಥೆಯನ್ನು ಹೇಳುವಾಗಲೆಲ್ಲ ಯಾವನಾದರೊಬ್ಬ ಹುಡುಗನು ಎದ್ದುನಿಂತು, ಸಾರ್, ತಪ್ಪು ಕರ್ಣನದೋ ನಿಯಮದ್ದೋ ಎಂದು ಕೇಳುತ್ತಿದ್ದನು. ನಾನು ಶಾಪದ ಕಡೆಗೆ ಕಥೆಯನ್ನು ತಿರುಗಿಸಿ ಪಾರಾಗುತ್ತಿದ್ದೆನು. ಈಗ ಪಾರಾಗುವ ಅವಸರವಿಲ್ಲ. ಹುಡುಗನ ಪ್ರಶ್ನೆ ಸರಿಯಾದುದೇ. ಹುಟ್ಟನ್ನು ನೋಡಿ ಬಾಗಿಲು ಹಾಕಿದ ನಿಯಮವು ಅನ್ಯಾಯದ್ದು. ವೈದ್ಯರ ಚೀಟಿಯ ನಿಯಮವು ರೋಗವನ್ನು ನೋಡುವುದೇ ಹೊರತು ಹುಟ್ಟನ್ನು ನೋಡುವುದಿಲ್ಲವೆಂದು ಸಮಾಧಾನ ಹೇಳಬಹುದು. ಆದರೆ ಅದು ಎಲ್ಲ ಕಾಲಕ್ಕೂ ನ್ಯಾಯವಾಗಿಯೇ ನಡೆದಿದೆಯೆಂದು ಹೇಳುವ ಹಾಗಿಲ್ಲ.

ಮಾರ್ಫೀನಿನ ಕಥೆಯೇ ಇದಕ್ಕೆ ಸಾಕ್ಷಿ. ಜಗತ್ತಿನ ಔಷಧ ತಯಾರಕರಿಗಾಗಿ ಸರಕಾರದ ಪರವಾನಗಿಯಿಂದ ಅಫೀಮನ್ನು ಬೆಳೆದು ಕಳುಹಿಸುವ ದೇಶ ನಮ್ಮದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಆ ಹೊಲಗಳಿವೆ. ಅಫೀಮಿನಿಂದ ಬರುವ ಮಾರ್ಫೀನು ಅರ್ಬುದ ರೋಗದ ಕಡೆಯ ದಿನಗಳ ನೋವಿಗೆ ಅತ್ಯಂತ ಉಪಯುಕ್ತವಾದ ಔಷಧ. 1930ರ ಕಾಯಿದೆಯನ್ನು ತೆಗೆದುಹಾಕಿ 1985ರ ಕಾಯಿದೆಯನ್ನು ತಂದಾಗ, ಆಸ್ಪತ್ರೆಯೊಂದು ಮಾರ್ಫೀನನ್ನು ಇಟ್ಟುಕೊಳ್ಳಬೇಕಾದರೆ ಹಲವು ಇಲಾಖೆಗಳಿಂದ ಹಲವು ಪರವಾನಗಿಗಳನ್ನು ಪಡೆಯಬೇಕಾಯಿತು. ಒಂದರ ಅವಧಿ ಮುಗಿಯುವಷ್ಟರಲ್ಲಿ ಇನ್ನೊಂದು ಬರುತ್ತಿರಲಿಲ್ಲ. ಲೆಕ್ಕದಲ್ಲಿ ತಪ್ಪಿದರೆ ಹತ್ತು ವರ್ಷದ ಸೆರೆಯ ಭಯ. ಆಸ್ಪತ್ರೆಗಳವರು ಇದರ ಗೊಡವೆಯೇ ಬೇಡವೆಂದು ಕೈಬಿಟ್ಟರು. 1985ರ ಹೊತ್ತಿಗೆ ವರ್ಷಕ್ಕೆ ನೂರಾರು ಕಿಲೋಗ್ರಾಮು ಇದ್ದ ದೇಶದ ಮಾರ್ಫೀನು ಬಳಕೆ 1997ರಲ್ಲಿ 18 ಕಿಲೋಗ್ರಾಮಿಗೆ ಇಳಿಯಿತು. ಇಷ್ಟು ಜನಸಂಖ್ಯೆಗೆ ಹದಿನೆಂಟು ಕಿಲೋಗ್ರಾಮು! ವೈದ್ಯರಾಗತಕ್ಕವರು ಮಾರ್ಫೀನನ್ನು ಕಣ್ಣಿನಿಂದ ಕಾಣದೆಯೇ ಓದು ಮುಗಿಸಿದರು. 1993ರಲ್ಲಿ ಕಲ್ಲಿಕೋಟೆಯಲ್ಲಿ ನೋವಿನ ಚಿಕಿತ್ಸಾಲಯವನ್ನು ತೆರೆದ ಡಾಕ್ಟರ್ ಎಂ. ಆರ್. ರಾಜಗೋಪಾಲ್ ಮೊದಲಾದವರು ಎರಡು ದಶಕಗಳ ಕಾಲ ಸರಕಾರದ ಬಾಗಿಲು ತಟ್ಟಿದ ಮೇಲೆ, 2014ರ ತಿದ್ದುಪಡಿಯಲ್ಲಿ ಅಗತ್ಯ ಔಷಧಗಳಿಗೆ ಒಂದೇ ಕಡೆಯಿಂದ ಅನುಮತಿ ಸಾಕೆಂಬ ವ್ಯವಸ್ಥೆ ಬಂದಿತು.

ಈ ಬಿಗಿಗೆ ಮೂಲಕಾರಣ ಚೀಟಿ ತಿದ್ದುವವರಲ್ಲ, ಗಡಿ ದಾಟಿಸುವ ಕಳ್ಳಸಾಗಣೆಯವರೆಂಬುದನ್ನು ಒಪ್ಪತಕ್ಕದ್ದೇ. ಆದರೆ ಸಂಶಯಕ್ಕೆ ಒಂದು ಸ್ವಭಾವವುಂಟು: ಅದು ತಪ್ಪು ಮಾಡಿದವನನ್ನು ಹುಡುಕಿಕೊಂಡು ಹೋಗುವುದಿಲ್ಲ, ಎದುರಿಗೆ ನಿಂತವನ ಮೇಲೆ ಬೀಳುತ್ತದೆ. ನೋವೆಂದು ಬಂದ ಹತ್ತು ಮಂದಿಯಲ್ಲಿ ಇಬ್ಬರು ಸುಳ್ಳು ಹೇಳಿದರೆಂದು ವೈದ್ಯರಿಗೆ ಒಮ್ಮೆ ಗೊತ್ತಾದರೆ, ಹನ್ನೊಂದನೆಯವನು ನಿಜವಾಗಿ ನರಳುತ್ತಿದ್ದರೂ ಅವನ ಮುಖವನ್ನು ಪೊಲೀಸರು ನೋಡುವ ಹಾಗೆ ನೋಡುವರು. ವಕೀಲರು ಕೇಳಿದರಲ್ಲವೇ, ಕಳೆದುಕೊಂಡವನು ಎಲ್ಲಿದ್ದಾನೆಂದು? ಅವನು ಇನ್ನೂ ಆಸ್ಪತ್ರೆಗೆ ಬಂದಿಲ್ಲ. ನಾಳೆ ಬರುವನು.

ಇಲ್ಲಿಗೆ ಸುಳ್ಳುಗಾರನ ಮೇಲೆ ತೀರ್ಪು ಬರೆದು ಮುಗಿಸಬಹುದಿತ್ತು. ಆದರೆ ಇನ್ನೊಬ್ಬನನ್ನು ಕಲ್ಪಿಸಿಕೊಂಡರೆ ನನ್ನ ಲೇಖನಿ ನಿಲ್ಲುತ್ತದೆ. 1997ರಲ್ಲಿ ಯಾವುದೋ ಊರಿನಲ್ಲಿ ತಾಯಿ ಅರ್ಬುದದಿಂದ ಕೂಗುತ್ತಿದ್ದಾಳೆ. ಮಗನು ಸುತ್ತಲಿನ ಆಸ್ಪತ್ರೆಗಳಲ್ಲೆಲ್ಲ ವಿಚಾರಿಸಿ ಇಲ್ಲವೆನ್ನಿಸಿಕೊಂಡು, ಕಡೆಗೆ ಬೇರೊಬ್ಬನ ಹೆಸರು ಹೇಳಿ ನಾಲ್ಕು ಮಾತ್ರೆ ಮಾರ್ಫೀನು ತರುತ್ತಾನೆ. ನನ್ನ ಒರೆಗಲ್ಲಿನಲ್ಲಿ ಅವನೂ ಸಿಕ್ಕಿಬೀಳುತ್ತಾನೆ. ನಿಜ ಹೇಳಿದ್ದರೆ ದೊರೆಯುತ್ತಿರಲಿಲ್ಲ. ದೊಡ್ಡ ಕೆಡುಕನ್ನು ತಪ್ಪಿಸಲು ದುರುದ್ದೇಶವಿಲ್ಲದೆ ಮಾಡಿದ ಕೃತ್ಯಕ್ಕೆ ಹಳೆಯ ಸಂಹಿತೆಯ 81ನೆಯ ಕಲಮಿನಲ್ಲಿ ವಿನಾಯಿತಿ ಇತ್ತು, ಹೊಸದರ 19ನೆಯದರಲ್ಲಿಯೂ ಇದೆ. ಮಗನು ಅದರ ನೆರಳಿಗೆ ನಿಲ್ಲಲು ಯತ್ನಿಸಬಹುದು, ನೆರಳು ಸಾಲುವುದೋ ಇಲ್ಲವೋ. ಮಹಾಭಾರತದ ಕೌಶಿಕನು ಸತ್ಯವ್ರತವನ್ನು ಹಿಡಿದು ದಾರಿಗಳ್ಳರಿಗೆ ಅಡಗಿದ್ದವರ ದಾರಿಯನ್ನು ತೋರಿಸಿ ನರಕಕ್ಕೆ ಹೋದನೆಂಬ ಕಥೆಯನ್ನು ಕೃಷ್ಣನು ಅರ್ಜುನನಿಗೆ ಹೇಳಿದ್ದು ಇಂತಹ ಸಂಕಟಕ್ಕಾಗಿಯೇ. ಆ ಮಗನನ್ನು ನಾನು ಪಾಪಿಯೆನ್ನಲಾರೆ. ಅವನು ಸುಳ್ಳಾಡಲಿಲ್ಲವೆಂದೂ ಹೇಳಲಾರೆ. ಅಂತಹ ಸುಳ್ಳಿನ ಅವಶ್ಯಕತೆಯನ್ನು ಉಂಟುಮಾಡಿದ ನಿಯಮವೂ ಅವನ ಜೊತೆಗೆ ಕಟಕಟೆಯಲ್ಲಿ ನಿಲ್ಲಬೇಕು.

ವ್ಯಸನಕ್ಕೆ ಬಿದ್ದವನ ವಿಷಯ ಇನ್ನೂ ಬೇರೆ. ಅವನ ಸುಳ್ಳು ರೋಗದ ಲಕ್ಷಣವೇ ಆಗಿಬಿಟ್ಟಿರುತ್ತದೆ. 1985ರ ಕಾಯಿದೆಯು ಎಷ್ಟೇ ಕ್ರೂರವಾಗಿದ್ದರೂ ಇದನ್ನು ಸಂಪೂರ್ಣವಾಗಿ ಮರೆತಿಲ್ಲ. ಸೇವಿಸಿದ ಅಥವಾ ಅಲ್ಪ ಪರಿಮಾಣವನ್ನು ಇಟ್ಟುಕೊಂಡ ಅಪರಾಧಕ್ಕೆ ಸಿಕ್ಕಿದ ವ್ಯಸನಿಯು ತಾನಾಗಿಯೇ ಚಿಕಿತ್ಸೆಗೆ ಒಪ್ಪಿ ಮಾನ್ಯವಾದ ಸಂಸ್ಥೆಯಲ್ಲಿ ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ಬಿಡುಗಡೆ ಪಡೆಯಬಹುದೆಂದು 64ಎ ಎಂಬ ಕಲಮು ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಗಾಗಿಯೇ ಒಂದು ವಿಭಾಗವಿರುವುದನ್ನು ಬಲ್ಲವರು ನಮ್ಮ ಊರುಗಳಲ್ಲಿ ಕಡಿಮೆ. ಮಗನು ಹೀಗಾದನೆಂದು ಹೇಳಿಕೊಳ್ಳಲು ನಾಚಿ ಮನೆಯವರೇ ಅವನಿಗಾಗಿ ಸುಳ್ಳು ಹೇಳಿ ಮಾತ್ರೆ ತಂದುಕೊಟ್ಟುದನ್ನು ನಾನು ಕೇಳಿಬಲ್ಲೆ.

ನನ್ನ ಮೌನದ ಕಾರಣವನ್ನು ಹೇಳುವೆನೆಂದೆನಷ್ಟೆ. ಕೆಲವು ವರ್ಷಗಳ ಹಿಂದೆ ಮಾರ್ಗಶಿರದಲ್ಲಿ ನನ್ನ ಗೃಹಿಣಿ ತೀರಿಕೊಂಡಳು. ಆಮೇಲೆ ನನಗೆ ನಿದ್ರೆ ಹೋಯಿತು. ಜನವರಿಯಲ್ಲಿ ಪಕ್ಕದ ಊರಿನ ವೈದ್ಯರು ಹದಿನೈದು ದಿನಕ್ಕೆ ಹದಿನೈದು ಮಾತ್ರೆ ಬರೆದುಕೊಟ್ಟು, ಇದರ ಮೇಲೆ ಬೇಡ, ಅಭ್ಯಾಸವಾಗುತ್ತದೆ ಎಂದು ಎಚ್ಚರಿಸಿದ್ದರು. ಹದಿನಾರನೆಯ ರಾತ್ರಿ ಮೊದಲಿಗಿಂತಲೂ ಕೆಟ್ಟದಾಗಿತ್ತು. ಮರುದಿನ ಒಂದು ಅಂಗಡಿಗೆ ಹೋಗಿ, ಚೀಟಿ ಮನೆಯಲ್ಲಿದೆ, ನಾಳೆ ತರುತ್ತೇನೆ ಎಂದೆನು. ಬಿಳಿಯ ತಲೆಯನ್ನೂ ಹೆಗಲ ಮೇಲಿನ ಉತ್ತರೀಯವನ್ನೂ ಕಂಡು ಕೊಟ್ಟರು. ಚೀಟಿ ಮನೆಯಲ್ಲಿದ್ದುದು ನಿಜವೇ ಆದುದರಿಂದ ಅದು ಸುಳ್ಳೆಂದು ನನಗೆ ಆಗ ತೋರಲಿಲ್ಲ. ಅರ್ಧಸತ್ಯವು ಎಷ್ಟು ಹಿತವಾಗಿರುತ್ತದೆ ನೋಡಿ. ಇದೇ ಮಾತನ್ನು ನಾಲ್ಕಾರು ಅಂಗಡಿಗಳಲ್ಲಿ ಸರದಿಯಂತೆ ಆಡಿ ಆರು ತಿಂಗಳು ಕಳೆದೆನು. ಜುಲೈಯಲ್ಲಿ ಎಲ್ಲರೂ ಚೀಟಿ ತನ್ನಿ ಎಂದರು.

ಆ ರಾತ್ರಿ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟೆನು. ಮೊದಲು ಕೊಟ್ಟ ಅಂಗಡಿಯವರು ಕೆಳಗೆ ಮುದ್ರೆ ಒತ್ತಿರಲಿಲ್ಲ. ಒತ್ತಿದ್ದರೆ ನಾನು ಉಳಿಯುತ್ತಿದ್ದೆನೋ ಏನೋ. ದಿನಾಂಕದಲ್ಲಿ ತಿಂಗಳಿನ ಸ್ಥಾನದಲ್ಲಿ ಒಂದು ಎಂಬ ಅಂಕಿಯಿತ್ತು. ಅದನ್ನು ಏಳು ಮಾಡುವುದಕ್ಕೆ ಮೇಲೊಂದು ಗೆರೆ ಸಾಕು. ಅಂಕಪಟ್ಟಿ ತಿದ್ದಿದ ಹುಡುಗನೊಬ್ಬನನ್ನು ಒಂದು ವಾರ ತರಗತಿಯ ಹೊರಗೆ ನಿಲ್ಲಿಸಿದ್ದವನು ನಾನು. ಕೈ ನಡುಗಲಿಲ್ಲವೆಂಬುದನ್ನು ಬರೆಯಲೇಬೇಕು.

ಮರುದಿನ ಹೋದ ಅಂಗಡಿಯ ಯಜಮಾನನು ನನ್ನ ಶಿಷ್ಯ. ಅವನು ಚೀಟಿಯನ್ನು ನೋಡಿ, ನನ್ನನ್ನು ಒಳಗೆ ಕರೆದು ಕುಳ್ಳಿರಿಸಿ, ನೀರು ತರಿಸಿಕೊಟ್ಟನು. “ಮೇಷ್ಟ್ರೇ, ಕೋಪ ಮಾಡಿಕೊಳ್ಳಬೇಡಿ. ಈ ಡಾಕ್ಟರು ಏಳಕ್ಕೆ ನಡುವೆ ಅಡ್ಡಗೆರೆ ಎಳೆಯುವುದಿಲ್ಲ. ನೀವು ಎಳೆಯುತ್ತೀರಿ. ಎಳೆಯದಿದ್ದರೆ ನಮಗೆ ಬೆತ್ತ ತೋರಿಸುತ್ತಿದ್ದಿರಿ,” ಎಂದನು. ನಾನು ಬೆಲೆ ಕೊಡುತ್ತೇನಪ್ಪ ಎಂದೆನು. ನಮ್ಮ ವಕೀಲರ ವಾದವನ್ನು ಅವರಿಗಿಂತ ಮೊದಲೇ ಮಂಡಿಸಿದವನು ನಾನೇ. “ಬೆಲೆಯದಲ್ಲ ಮೇಷ್ಟ್ರೇ. ಕೊಟ್ಟರೆ ನಾನು ಪುಸ್ತಕದಲ್ಲಿ ಬರೆಯಬೇಕು. ಇಂಥ ಡಾಕ್ಟರು ಇಂಥ ದಿನ ಬರೆದರು ಅಂತ ನನ್ನ ಕೈಯಲ್ಲಿ ಬರೆಯಬೇಕು. ಅದು ಸುಳ್ಳು ಅಂತ ನನಗೆ ಗೊತ್ತು. ನಾಳೆ ಇನ್‌ಸ್ಪೆಕ್ಟರು ಬಂದು ಆ ಡಾಕ್ಟರನ್ನು ಕೇಳಿದರೆ ಅವರು ಏನು ಹೇಳಬೇಕು?” ಎಂದನು. ಆಗ ಜಾರಿಯಲ್ಲಿದ್ದುದು ಹಳೆಯ ಸಂಹಿತೆ. 468, 471 ಎಂಬ ಅಂಕಿಗಳನ್ನು ನಾನು ತಿಳಿದುಕೊಂಡುದು ಅನಂತರ. ಆ ಹೊತ್ತಿಗೆ ನನಗೆ ಕಂಡುದು ಮುಂದೆ ಬಿಡಿಸಿಟ್ಟಿದ್ದ ಆ ಉದ್ದನೆಯ ಪುಸ್ತಕ, ನಾನೇ ಬರೆಯಲು ಕಲಿಸಿದ್ದ ಅಕ್ಷರಗಳಲ್ಲಿ ಬರೆದ ಹೆಸರುಗಳ ಸಾಲು.

ಅವನು ಚೀಟಿಯನ್ನು ಹರಿಯಲಿಲ್ಲ, ಯಾರಿಗೂ ತೋರಿಸಲಿಲ್ಲ. ನನ್ನ ಕೈಗೇ ಹಿಂದಿರುಗಿಸಿ, ಅಂಗಡಿಯನ್ನು ಹುಡುಗನಿಗೆ ಒಪ್ಪಿಸಿ, ತನ್ನ ಗಾಡಿಯಲ್ಲಿ ನನ್ನನ್ನು ಆ ವೈದ್ಯರ ಬಳಿಗೆ ಕರೆದುಕೊಂಡು ಹೋದನು. ಆರು ತಿಂಗಳ ಲೆಕ್ಕವನ್ನೆಲ್ಲ ನಾನು ಹೇಳಿದೆನು. ಏಳರ ವಿಷಯವನ್ನೂ ಹೇಳಿದೆನು. ವೈದ್ಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈ ಔಷಧವನ್ನು ಇದ್ದಕ್ಕಿದ್ದಂತೆ ನಿಲ್ಲಿಸುವುದೂ ಅಪಾಯವೆಂದು ಹೇಳಿ, ವಾರವಾರಕ್ಕೆ ಇಳಿಸಿಕೊಂಡು ಬರುವಂತೆ ಹೊಸ ಚೀಟಿ ಬರೆದರು. ರಾತ್ರಿ ಒಬ್ಬರೇ ಮಲಗಬೇಡಿ, ತಂಗಿಯ ಮಗನನ್ನಾದರೂ ಕರೆಸಿಕೊಳ್ಳಿ ಎಂದರು. ಆ ಇಳಿಕೆಗೆ ಎರಡೂವರೆ ತಿಂಗಳು ಹಿಡಿಯಿತು. ಅಂದು ಸಂಜೆ ಅಂಗಡಿಗೆ ಹಿಂದಿರುಗಿದಾಗ ನನ್ನ ಶಿಷ್ಯನು ಚೀಟಿಯ ಕೆಳಗೆ ಮುದ್ರೆ ಒತ್ತಿ ದಿನಾಂಕ ಹಾಕಿ, ಪುಸ್ತಕವನ್ನು ಎಳೆದುಕೊಂಡು ನನ್ನ ಹೆಸರನ್ನು ಬರೆದನು. ತಿಂಗಳಿನ ಸ್ಥಾನದಲ್ಲಿ ಏಳಕ್ಕೆ ಅಡ್ಡಗೆರೆ ಎಳೆದೇ ಬರೆದನು.